ಹಾಲು ಸುರಿಯುವ ಹೆಂಗಸಿಗೆ ಬಂದ ಕಾಮಾಲೆ: ಕಲಾಸಂಗ್ರಹಾಲಯವೊಂದರ ವಿನ್ಯಾಸ ಸ್ಪರ್ಧೆಯ ಹಿನ್ನೆಲೆ

‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬುದು ನಮ್ಮ ಗಾದೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ಅಷ್ಟೇನೂ ಸರಿಯಲ್ಲ. ಕಾಮಾಲೆಯಾದವನ ಕಣ್ಣಿನ ಬಿಳಿಯ ಭಾಗ ನೋಡುವವರಿಗೆ ಹಳದಿಯಾಗಿ ಕಾಣುತ್ತದೆಯೇ ಹೊರತು, ಅವನಿಗೆ ಲೋಕವೆಲ್ಲ ಹಳದಿಯಾಗಿ ಕಾಣುವುದಿಲ್ಲ. ಆದರೆ ನೋಡುವ ಕಣ್ಣುಗಳು ಆರೋಗ್ಯವಾಗಿದ್ದು, ನೋಡಬೇಕಾದ ಚಿತ್ರಕ್ಕೇ ಕಾಮಾಲೆ ಹಿಡಿದ ಒಂದು ಪ್ರಸಂಗವುಂಟು. ಆ ರೋಗಕ್ಕೆ ಒಂದು ಹೆಸರಾಂತ ಸಂಗ್ರಹಾಲಯ ಕಂಡುಕೊಂಡ ಚಿಕಿತ್ಸೆಯನ್ನೂ, ಆ ಚಿಕಿತ್ಸೆಯ ಅಂಗವಾಗಿ ಹುಟ್ಟಿದ ಸಾರ್ವಜನಿಕ ವಿನ್ಯಾಸ ಸ್ಪರ್ಧೆಯನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ನಾನು ವಾಸಿಸುವುದು ಮ್ಯೂನಿಕ್ ನಗರದ ಉತ್ತರಕ್ಕಿರುವ ಗಾರ್ಕಿಂಗ್ ಎಂಬ ಚಿಕ್ಕ ಊರಿನಲ್ಲಿ. ಒಂದು ರಾಜ್ಯೋತ್ಸವದ ಸಮಯದಲ್ಲಿ, ಸುತ್ತಮುತ್ತಲಿನ ಕನ್ನಡ ಕುಟುಂಬಗಳ ಏಳೆಂಟು ಮಕ್ಕಳನ್ನು ಮನೆಯಲ್ಲಿ ಸೇರಿಸಿ ಒಂದು ಸಣ್ಣ ಪಂದ್ಯವನ್ನು ಏರ್ಪಡಿಸಿದ್ದೆವು. ಯಾವುದಾದರೂ ಸಂಗ್ರಹಾಲಯದ ಒಂದು ಚಿತ್ರವನ್ನು ಆರಿಸಿಕೊಂಡು, ಅದರಿಂದ ದಿನಬಳಕೆಯ ವಸ್ತುವೊಂದನ್ನು ರೂಪಿಸಬೇಕು ಎಂಬುದಷ್ಟೇ ನಿಯಮ. ಒಬ್ಬ ಹುಡುಗ ಮ್ಯೂನಿಕ್‌ನ ಆಲ್ಟೆ ಪಿನಾಕೋಟೆಕ್‌ನಲ್ಲಿರುವ ಡ್ಯೂರರ್‌ನ 1500ರ ಸ್ವಚಿತ್ರವನ್ನು ಆರಿಸಿಕೊಂಡು, ಆ ಗಂಭೀರ ಮುಖಕ್ಕೆ ಮೈಸೂರು ಪೇಟ ತೊಡಿಸಿ ಪುಸ್ತಕದ ಗುರುತುಪಟ್ಟಿ ಮಾಡಿದ. ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಮೈಸೂರಿನ ಗಂಜೀಫಾ ಎಲೆಯೊಂದು ಬೇಕಾಗಿತ್ತು. ಅಂತರ್ಜಾಲದಲ್ಲಿ ಅವಳಿಗೆ ಸಿಕ್ಕಿದ್ದು ಹೆಬ್ಬೆರಳಿನಷ್ಟು ಗಾತ್ರದ ಪ್ರತಿಗಳು. ಹಿಗ್ಗಿಸಿದರೆ ದೇವರ ಮುಖ ಬರಿಯ ಚೌಕಗಳಾಗಿ ಒಡೆಯುತ್ತಿತ್ತು. “ಅಂಕಲ್, ನಮ್ಮ ಚಿತ್ರ ಮಾತ್ರ ಯಾಕೆ ಮಬ್ಬು?” ಎಂದು ಅವಳು ಕೇಳಿದಳು. ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಹುಡುಕುತ್ತ ಹೋದಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಚಿತ್ರಕ್ಕೆ ಹಿಡಿದ ರೋಗ

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ ಯೊಹಾನೆಸ್ ವರ್ಮೇರ್ ಸುಮಾರು 1660ರಲ್ಲಿ ಬರೆದ ಒಂದು ತೈಲಚಿತ್ರವಿದೆ. ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ನಿಂತ ಹೆಂಗಸೊಬ್ಬಳು ಮಣ್ಣಿನ ಪಾತ್ರೆಗೆ ಹಾಲು ಸುರಿಯುತ್ತಿದ್ದಾಳೆ. ಎರಡು ಗೇಣಿನಷ್ಟು ಎತ್ತರವಿರುವ ಈ ಚಿತ್ರದಲ್ಲಿ ಅವಳ ರವಿಕೆ ಹಳದಿ, ಮುಂದೆ ಕಟ್ಟಿಕೊಂಡ ವಸ್ತ್ರ ನೀಲಿ. ಹಾಲು, ಗೋಡೆ, ತಲೆವಸ್ತ್ರ ಇವುಗಳಲ್ಲಿ ಬೆಳಗಿನ ತಣ್ಣನೆಯ ಬಿಳುಪು. ಆ ಬಿಳುಪು ಕೆಟ್ಟರೆ ಚಿತ್ರವೇ ಕೆಟ್ಟಂತೆ.

2011ರಲ್ಲಿ ಯೂರೋಪಿನ ಸಾಂಸ್ಕೃತಿಕ ಸಂಗ್ರಹಗಳ ಒಕ್ಕೂಟವಾದ ಯೂರೋಪಿಯಾನಾ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಈ ಚಿತ್ರದ ಕಥೆ ಬಂದಿತು. ಅಂತರ್ಜಾಲದಲ್ಲಿ ಇದರ ಹತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳಿರುವುದು ಸಂಗ್ರಹಾಲಯಕ್ಕೆ ತಿಳಿದುಬಂದಿತ್ತು. ಹೆಚ್ಚಿನವು ಹಳದಿಗಟ್ಟಿದ ಕಳಪೆ ಪ್ರತಿಗಳು. ಇದರ ಫಲವಾಗಿ, ಸಂಗ್ರಹಾಲಯದ ಅಂಗಡಿಯಲ್ಲಿ ಸರಿಯಾದ ಬಣ್ಣದ ಅಂಚೆ ಕಾರ್ಡು ನೋಡಿದವರು ಅದನ್ನೇ ನಂಬದಂತಾಯಿತು. ಸುಳ್ಳು ಪ್ರತಿಯ ಬಳಕೆಯಿಂದ ಮೂಲವೇ ಸಂಶಯಕ್ಕೆ ಒಳಗಾಯಿತು. ಮುಂದೆ ಇದಕ್ಕೆ ‘ಹಳದಿ ಹಾಲಿನವಳ ಸಿಂಡ್ರೋಮ್’ ಎಂಬ, ವೈದ್ಯನಾದ ನನ್ನಲ್ಲಿ ನಗು ತರಿಸುವ ಹೆಸರೂ ಬಂದಿತು.

ಈ ರೋಗ ಅಂತರ್ಜಾಲದ ಕಾಲದ್ದೆಂದು ತಿಳಿಯಬೇಕಾಗಿಲ್ಲ. 1515ರಲ್ಲಿ, ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಖಡ್ಗಮೃಗವೊಂದು ಗೋವೆಯಿಂದ ಹಡಗೇರಿ ಲಿಸ್ಬನ್ ತಲುಪಿತು. ಅದನ್ನು ಕಣ್ಣಾರೆ ನೋಡದ ಡ್ಯೂರರ್, ಬೇರೆಯವರ ವರ್ಣನೆಯನ್ನೂ ರೇಖಾಚಿತ್ರವನ್ನೂ ಆಧರಿಸಿ, ಮೈಮೇಲೆ ಕವಚವನ್ನೂ ಭುಜದ ಮೇಲೆ ಇಲ್ಲದ ಎರಡನೆಯ ಕೋಡನ್ನೂ ಇಟ್ಟು ಮರದಚ್ಚಿನ ಚಿತ್ರ ಮಾಡಿದ. ಯೂರೋಪಿನ ಜನ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಖಡ್ಗಮೃಗ ಹಾಗೆಯೇ ಇರುತ್ತದೆಂದು ನಂಬಿದ್ದರು. ನಿಜವಾದುದು ದೊರೆಯದ ಕಡೆ, ದೊರೆತದ್ದೇ ನಿಜವಾಗುತ್ತದೆ.

ಚಿಕಿತ್ಸೆ ಮತ್ತು ಸ್ಪರ್ಧೆ

ಕಾಮಾಲೆಯನ್ನು ಹಗಲು ಬೆಳಕಿನಲ್ಲಿ ಪರೀಕ್ಷಿಸಬೇಕೆಂದು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ದೀಪದ ಬೆಳಕು ಕಣ್ಣನ್ನು ಮೋಸಗೊಳಿಸಬಹುದು. ರೈಕ್ಸ್‌ಮ್ಯೂಸಿಯಂ ಮಾಡಿದ್ದೂ ಅದನ್ನೇ. ಕಳಪೆ ಪ್ರತಿಗಳನ್ನು ತಡೆಯಲು ವಕೀಲರನ್ನು ಅಟ್ಟುವ ಬದಲು, ಅತ್ಯುತ್ತಮ ಪ್ರತಿಗಳನ್ನು ತಾನೇ ಬೆಳಕಿಗೆ ತಂದಿತು. ದೊಡ್ಡ ನವೀಕರಣಕ್ಕಾಗಿ 2003ರಿಂದ ಮುಖ್ಯ ಕಟ್ಟಡವನ್ನು ಮುಚ್ಚಿದ್ದ ಅದು 2013ರ ಏಪ್ರಿಲ್ 13ರಂದು ಮತ್ತೆ ತೆರೆಯಿತು. ಅದಕ್ಕೆ ಕೆಲವು ತಿಂಗಳ ಮೊದಲೇ, 2012ರಲ್ಲಿ, ‘ರೈಕ್ಸ್‌ಸ್ಟುಡಿಯೋ’ ಎಂಬ ಜಾಲತಾಣದ ಮೂಲಕ 1,25,000 ಕೃತಿಗಳ ಚಿತ್ರಗಳನ್ನು ಜನರ ಕೈಗೆ ಕೊಟ್ಟಿತು. ಯಾರು ಬೇಕಾದರೂ ಅವನ್ನು ಇಳಿಸಿಕೊಳ್ಳಬಹುದು, ಕತ್ತರಿಸಬಹುದು, ಬಟ್ಟೆಯ ಮೇಲೆ ಅಚ್ಚು ಹಾಕಬಹುದು, ಮಾರಲೂಬಹುದು. ಮೊದಲಿಗೆ ಅತಿ ದೊಡ್ಡ ಕಡತಗಳಿಗೆ ಶುಲ್ಕವಿತ್ತು. ಬಳಿಕ ಅದನ್ನೂ ಕೈಬಿಡಲಾಯಿತು. ಅಂದು ಸಂಗ್ರಹಗಳ ನಿರ್ದೇಶಕರಾಗಿದ್ದ ಟಾಕೋ ಡಿಬಿಟ್ಸ್, ಜನರು ವರ್ಮೇರ್‌ನ ಚಿತ್ರವನ್ನು ಶೌಚದ ಕಾಗದದ ಮೇಲೆ ಅಚ್ಚು ಹಾಕಿಕೊಳ್ಳುವುದಾದರೂ, ಕೆಟ್ಟ ಪ್ರತಿಗಿಂತ ಒಳ್ಳೆಯ ಪ್ರತಿಯೇ ಅಲ್ಲಿರಲಿ ಎಂಬರ್ಥದ ಮಾತನ್ನು 2013ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದರು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಜನ ಒಳಗೆ ಬರುವುದಿಲ್ಲ, ಕರೆಯಬೇಕಾಗುತ್ತದೆ. ಆ ಕರೆಯೇ ‘ರೈಕ್ಸ್‌ಸ್ಟುಡಿಯೋ ಪ್ರಶಸ್ತಿ’. ಮೊದಲ ಪ್ರಶಸ್ತಿಯನ್ನು 2014ರಲ್ಲಿ ಕೊಡಲಾಯಿತು. ಮುಂದಿನ ವರ್ಷಗಳಲ್ಲಿ ಸ್ಪರ್ಧೆ ಮತ್ತೆ ಮತ್ತೆ ನಡೆಯಿತು. ಸಂಗ್ರಹಾಲಯದ ಕೃತಿಯೊಂದರಿಂದ ಪ್ರೇರಣೆ ಪಡೆದು ಹೊಸತೊಂದನ್ನು ರೂಪಿಸಬೇಕು. ವೃತ್ತಿಪರ ವಿನ್ಯಾಸಕರೂ ಮನೆಯಲ್ಲಿ ಕುಳಿತ ಹವ್ಯಾಸಿಗಳೂ ಯಾವ ದೇಶದಿಂದಲೂ ಭಾಗವಹಿಸಬಹುದು. ಆಯ್ಕೆಗೆ ತೀರ್ಪುಗಾರರ ಮಂಡಳಿಯಿದ್ದು, ಜನರಿಗೂ ಮತ ನೀಡುವ ಅವಕಾಶವಿತ್ತು. 2017ರಲ್ಲಿ ಬೆಲಾರುಸ್‌ನ ವಿನ್ಯಾಸಕ ಲೆಶಾ ಲಿಮೊನೊವ್ ಮೊದಲ ಬಹುಮಾನ ಪಡೆದದ್ದು ನಿದ್ರೆಗೆ ಕಟ್ಟಿಕೊಳ್ಳುವ ಕಣ್ಪಟ್ಟಿಗಳಿಗೆ. ಪ್ರಸಿದ್ಧ ಭಾವಚಿತ್ರಗಳ ತೆರೆದ ಕಣ್ಣುಗಳನ್ನು ಆತ ಆ ಪಟ್ಟಿಗಳ ಮೇಲೆ ಅಚ್ಚು ಹಾಕಿದ್ದ. ಕಟ್ಟಿಕೊಂಡವನು ಮಲಗಿರುತ್ತಾನೆ, ಚಿತ್ರದ ಕಣ್ಣುಗಳು ಎಚ್ಚರವಾಗಿರುತ್ತವೆ. ರಾತ್ರಿ ಪಾಳಿಯಲ್ಲಿ ದುಡಿದ ಯಾವ ವೈದ್ಯನಿಗೂ ಇದರ ಹಾಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲ್ನೋಟಕ್ಕೆ ಇದು ಆಟಿಕೆಯಂತೆ ಕಂಡೀತು. ಆದರೆ ಒಂದು ಜೊತೆ ಕಣ್ಣುಗಳನ್ನು ಆರಿಸಬೇಕಾದವನು ನೂರಾರು ಭಾವಚಿತ್ರಗಳ ಕಣ್ಣುಗಳನ್ನು ಗಮನವಿಟ್ಟು ನೋಡಿರಬೇಕಾಗುತ್ತದೆ. ಸಂಗ್ರಹಾಲಯದೊಳಗೆ ನಾವು ಒಂದು ಚಿತ್ರದ ಮುಂದೆ ನಿಲ್ಲುವುದು ಕೆಲವೇ ಕ್ಷಣ. ಅದರಿಂದ ಏನನ್ನಾದರೂ ಮಾಡಬೇಕಾದವನು ಅದರ ಮುಂದೆ ದಿನಗಟ್ಟಲೆ ಕೂರುತ್ತಾನೆ. ಸ್ಪರ್ಧೆಯ ನಿಜವಾದ ಲಾಭ ಈ ನೋಟವೇ.

ಇತರರೂ ಇದೇ ದಾರಿ ಹಿಡಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನೂ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ 2020ರಲ್ಲಿ ಸುಮಾರು 28 ಲಕ್ಷ ಚಿತ್ರಗಳನ್ನೂ ಮುಕ್ತಗೊಳಿಸಿದವು. ಜರ್ಮನಿಯಲ್ಲಿ 2014ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ‘ಕೋಡಿಂಗ್ ಡಾ ವಿಂಚಿ’ ಸ್ಪರ್ಧೆಯು ಸಂಗ್ರಹಾಲಯಗಳ ಮಾಹಿತಿಯನ್ನು ತಂತ್ರಾಂಶ ಬರೆಯುವ ಯುವಜನರ ಮುಂದಿಟ್ಟಿತು. 2019ರಲ್ಲಿ ಅದು ನಮ್ಮ ದಕ್ಷಿಣ ಜರ್ಮನಿಗೂ ಬಂದಿತ್ತು.

ಕಾನೂನು ಏನು ಹೇಳುತ್ತದೆ?

ಇಂತಹ ಸ್ಪರ್ಧೆಗೆ ಹೊರಡುವವರು ಎರಡು ಹಕ್ಕುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು: ಮೂಲ ಚಿತ್ರದ ಹಕ್ಕುಸ್ವಾಮ್ಯ ಮತ್ತು ಆ ಚಿತ್ರವನ್ನು ತೆಗೆದ ಛಾಯಾಚಿತ್ರದ ಹಕ್ಕು. ಯೂರೋಪಿನ ಒಕ್ಕೂಟದಲ್ಲಿ ಮೊದಲನೆಯದು ಕಲಾವಿದ ತೀರಿಕೊಂಡ 70 ವರ್ಷಗಳ ಬಳಿಕ ಮುಗಿಯುತ್ತದೆ. ಭಾರತದಲ್ಲಿ 60 ವರ್ಷಗಳ ಬಳಿಕ. ಎರಡನೆಯದರ ಬಗ್ಗೆ ಜರ್ಮನಿಯಲ್ಲಿ ದೀರ್ಘ ವಿವಾದವಿತ್ತು. ಮನ್‌ಹೈಮ್‌ನ ರೈಸ್-ಎಂಗೆಲ್‌ಹಾರ್ನ್ ಸಂಗ್ರಹಾಲಯಗಳು ಹೂಡಿದ್ದ ದಾವೆಯಲ್ಲಿ, ಹಳೆಯ ಚಿತ್ರದ ಛಾಯಾಚಿತ್ರಕ್ಕೆ ಪ್ರತ್ಯೇಕ ರಕ್ಷಣೆ ಇದೆಯೆಂದು ಇಲ್ಲಿನ ಉನ್ನತ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಮರು ವರ್ಷವೇ ಯೂರೋಪಿನ ಒಕ್ಕೂಟ ಹೊಸ ನಿರ್ದೇಶನ ಹೊರಡಿಸಿತು. ಅದರಂತೆ 2021ರ ಜೂನ್‌ನಿಂದ ಜರ್ಮನಿಯ ಕಾನೂನೂ ಬದಲಾಯಿತು. ಹಕ್ಕುಸ್ವಾಮ್ಯ ಮುಗಿದ ಚಿತ್ರದ ಯಥಾಪ್ರತಿಗೆ ಈಗ ಹೊಸ ಹಕ್ಕು ಹುಟ್ಟುವುದಿಲ್ಲ. ಆದರೆ ಅದರಿಂದ ನೀವು ಸ್ವಂತ ಕಲ್ಪನೆಯಿಂದ ರೂಪಿಸಿದ ವಿನ್ಯಾಸದ ಹಕ್ಕು ನಿಮ್ಮದೇ.

ನಮಗೆ ಇದು ಹೊಸತಲ್ಲ

ಮುಕ್ತವಾಗಿ ಹರಡಿದ ಚಿತ್ರ ಏನು ಮಾಡಬಲ್ಲದೆಂಬುದನ್ನು ನಮ್ಮ ಅಜ್ಜಿಯರು ಬಲ್ಲರು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಮುಂದೆ ಅದು ಫ್ರಿಟ್ಜ್ ಶ್ಲೈಖರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. ಅರಮನೆಗಳಲ್ಲಿದ್ದ ಲಕ್ಷ್ಮಿ, ಸರಸ್ವತಿಯರು ದೇವರ ಕೋಣೆಗೆ ಬಂದರು. ಅಲ್ಲಿಂದ ಕ್ಯಾಲೆಂಡರಿಗೆ, ಬೆಂಕಿಪೊಟ್ಟಣಕ್ಕೆ, ಬಟ್ಟೆ ಗಿರಣಿಗಳ ಚೀಟಿಗಳಿಗೆ ಹೋದರು. ಹೆಂಗಸರು ಆ ಪಟಗಳಿಗೆ ಜರಿಯ ಸೀರೆ ಉಡಿಸಿ, ಮಿಂಚು ಅಂಟಿಸಿ ಗಾಜು ಹಾಕಿಸಿದರು. ಬಹುಮಾನವಿಲ್ಲದ, ತೀರ್ಪುಗಾರರಿಲ್ಲದ ವಿನ್ಯಾಸ ಸ್ಪರ್ಧೆಯೇ ಅದು. ಇಂದು ಅಂಥ ಅಲಂಕೃತ ಪಟಗಳು ಸಂಗ್ರಹಾಲಯಗಳಲ್ಲಿ ಗೌರವದ ಸ್ಥಾನ ಪಡೆದಿವೆ.

ಗಂಜೀಫಾ ಕೂಡ ಹಾಗೆಯೇ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಈ ಎಲೆಯಾಟ ಬಗೆಬಗೆಯಾಗಿ ಬೆಳೆಯಿತು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಇಂಥ ಆಟಗಳ ವಿವರಣೆಯಿದೆ. ಪುರಾಣದ ಮೂರ್ತಿಗಳನ್ನು ಅಂಗೈಯಗಲದ ಎಲೆಗೆ ಇಳಿಸಿದ್ದು ಉತ್ತಮ ವಿನ್ಯಾಸವಲ್ಲದೆ ಇನ್ನೇನು?

ಒಂದು ನ್ಯಾಯವಾದ ಅಳುಕು

ಚಿತ್ರಗಳನ್ನು ಹೀಗೆ ಬಿಟ್ಟುಕೊಟ್ಟರೆ ದೇವರ ಪಟ ಚಪ್ಪಲಿಯ ಮೇಲೆ ಬಂದೀತಲ್ಲ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಈ ಅಳುಕನ್ನು ತಳ್ಳಿಹಾಕಲಾಗದು. ಆದರೆ ಅಗೌರವ ಮಾಡುವವನಿಗೆ ಒಳ್ಳೆಯ ಪ್ರತಿ ಬೇಕಾಗಿಲ್ಲ, ಮಬ್ಬಾದದ್ದೇ ಸಾಕು. ಒಳ್ಳೆಯ ಪ್ರತಿಯನ್ನು ಬಚ್ಚಿಟ್ಟರೆ ನಷ್ಟ ಗಂಜೀಫಾ ಹುಡುಕಿದ ಆ ಹುಡುಗಿಗೆ ಮಾತ್ರ. ಬದಲಾಗಿ ಸ್ಪರ್ಧೆಯ ನಿಯಮಗಳಲ್ಲೇ ಮರ್ಯಾದೆಯ ಗೆರೆಯನ್ನು ಎಳೆಯಬಹುದು. ಹಾಗೆಂದು ಎಲ್ಲವನ್ನೂ ತೆರೆಯಬೇಕೆಂದೂ ನಾನು ಹೇಳುವುದಿಲ್ಲ. ರೋಗಿಯ ಒಪ್ಪಿಗೆಯಿಲ್ಲದೆ ಅವನ ಛಾಯಾಚಿತ್ರವನ್ನು ನಾವು ವೈದ್ಯರು ಪ್ರಕಟಿಸುವುದಿಲ್ಲ. ವಸಾಹತು ಕಾಲದಲ್ಲಿ ಬುಡಕಟ್ಟು ಜನರನ್ನು ಅವರ ಇಚ್ಛೆ ಕೇಳದೆ ನಿಲ್ಲಿಸಿ ತೆಗೆದ ಛಾಯಾಚಿತ್ರಗಳಿಗೂ ಅದೇ ನೀತಿ ಸಲ್ಲಬೇಕು.

ನಾವು ಮಾಡಬಹುದಾದದ್ದು

ಕಲಾವಿದ ಕೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಉದಕಮಂಡಲದ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದವರು ಅವರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾಶಾಲೆಯಿದೆ. ಭಾರತದ ಕಾನೂನಿನಂತೆ, ಅವರು ಬದುಕಿದ್ದಾಗ ಪ್ರಕಟವಾದ ಚಿತ್ರಗಳ ಹಕ್ಕುಸ್ವಾಮ್ಯ 2025ರ ಕೊನೆಯ ದಿನದವರೆಗೆ ಮಾತ್ರ. 2026ರ ಜನವರಿ 1ರಿಂದ ಅವು ಅಲ್ಲಿ ಎಲ್ಲರ ಸ್ವತ್ತು. ಆದರೆ ಕಾನೂನಿನ ಬಿಡುಗಡೆ ಬೇರೆ, ಚಿತ್ರ ಕೈಗೆಟಕುವುದು ಬೇರೆ. ತೆಳುವಾದ ಜಲವರ್ಣವನ್ನು ಸಮನಾದ ಬೆಳಕಿನಲ್ಲಿ, ಪಕ್ಕದಲ್ಲಿ ಬಣ್ಣದ ಅಳತೆಪಟ್ಟಿ ಇಟ್ಟು, ದೊಡ್ಡ ಗಾತ್ರದಲ್ಲಿ ಛಾಯಾಚಿತ್ರ ತೆಗೆಯದಿದ್ದರೆ ಉದಕಮಂಡಲದ ಮಂಜಿಗೂ ಕಾಮಾಲೆ ಬಂದೀತು. ಅದಕ್ಕೆ ಹಣ ಬೇಕು, ನುರಿತ ಕೈ ಬೇಕು, ಜನರ ಬೇಡಿಕೆಯೂ ಬೇಕು.

ಈ ಬೇಡಿಕೆಯನ್ನು ಹುಟ್ಟಿಸುವ ಕೆಲಸ ಹೊರನಾಡ ಕನ್ನಡ ಕೂಟಗಳಿಂದ ಆದೀತು. ರಾಜ್ಯೋತ್ಸವದಲ್ಲಿ ಹಾಡು, ನೃತ್ಯಗಳ ಜೊತೆಗೆ ಒಂದು ವಿನ್ಯಾಸ ಸ್ಪರ್ಧೆಯೂ ಇರಲಿ. ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನೇ ಆರಿಸಲಿ. ಕಲಾವಿದನ ಹೆಸರು, ಕಾಲ, ಕೃತಿಯಿರುವ ಸ್ಥಳ ಬರೆಯುವುದನ್ನು ಕಡ್ಡಾಯ ಮಾಡಲಿ. ತೀರ್ಪುಗಾರರಲ್ಲಿ ಮೈಸೂರಿನ ಒಬ್ಬ ಕುಶಲಕರ್ಮಿಯೂ ದೂರದಿಂದಲೇ ಕುಳಿತುಕೊಳ್ಳಲಿ. ಒಳ್ಳೆಯ ಪ್ರತಿ ಸಿಗದಿದ್ದಾಗ, ಕೃತಿಯನ್ನು ಕಾಯುತ್ತಿರುವ ಸಂಸ್ಥೆಗೆ ವಿನಯದಿಂದ ಒಂದು ಪತ್ರ ಬರೆಯಲಿ, ಸಾಧ್ಯವಾದರೆ ಖರ್ಚಿನ ಪಾಲನ್ನೂ ಹೊರಲಿ.

ಗಾರ್ಕಿಂಗ್‌ನ ಲಾಂಛನದಲ್ಲಿ 1957ರಲ್ಲಿ ಕಾರ್ಯಾರಂಭ ಮಾಡಿದ ಸಂಶೋಧನಾ ರಿಯಾಕ್ಟರಿನ ಗುಮ್ಮಟವಿದೆ. ಜನ ಅದನ್ನು ‘ಪರಮಾಣು ಮೊಟ್ಟೆ’ ಎನ್ನುತ್ತಾರೆ. ಅಂದು ಆ ಹುಡುಗಿ ಗಂಜೀಫಾ ಸಿಗದೆ, ಕಿಟಕಿಯಾಚೆ ಕಂಬದ ಮೇಲಿದ್ದ ಆ ಲಾಂಛನವನ್ನು ನೋಡಿಕೊಂಡು, ಮೊಟ್ಟೆಗೆ ಮಾವಿನೆಲೆ ಸಿಕ್ಕಿಸಿ ಕಳಶ ಮಾಡಿ ಚೀಲದ ಮೇಲೆ ಬರೆದಳು. ಚೆನ್ನಾಗಿಯೇ ಬಂದಿತ್ತು, ಬಹುಮಾನವನ್ನೂ ಕೊಟ್ಟೆವು. ಅವಳ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ: “ನಮ್ಮದು ಮಾತ್ರವಲ್ಲ ಮಗಳೇ, ಅವರದ್ದೂ ಹಾಗೆಯೇ ಇತ್ತು. ಅವರು ಬೆಳಕಿಗೆ ಹಿಡಿದರು; ನಮ್ಮದನ್ನು ಹಿಡಿಯುವುದು ಇನ್ನು ಆಗಬೇಕು.” ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಅವಳ ಕೈಗೆ ಒಂದು ಸ್ಪಷ್ಟವಾದ ಗಂಜೀಫಾ ಎಲೆಯನ್ನು ತಲುಪಿಸಬೇಕೆಂದು ಮೊದಲ ಪತ್ರವನ್ನು ಬರೆದಿದ್ದೇನೆ.