ಆ 6,000 ರೂಪಾಯಿ ನಿಮ್ದೇ!

ಬೀದರ್ ನೆಹರು ಸ್ಟೇಡಿಯಂನಾಗ ಓಡೋ ತಂಗಿ, ಭಾಲ್ಕಿ ಕಾಲೇಜಿನ ಕಬಡ್ಡಿ ತಮ್ಮ, ಔರಾದ್ ಕಡೆ ಕುಸ್ತಿ ಹಿಡಿಯೋ ಪೈಲ್ವಾನ, ಇದು ನಿಮಗಾಗಿ.

ಒಂದು ಲೆಕ್ಕ ನೋಡ್ರಿ. ಶೂ ಕಂಪನಿಯೊಂದು ನಿಮ್ಮ ಜಾಹೀರಾತು ರೀಲ್‌ಗೆ 60,000 ರೂಪಾಯಿ ಒಪ್ಪಿತು. ಖಾತೆಗೆ ಬಂದದ್ದು 54,000. ಉಳಿದ 6,000 ಯಾರೂ ನುಂಗಿಲ್ಲ. 10 ಪರ್ಸೆಂಟ್ ಟಿಡಿಎಸ್ (ದುಡ್ಡು ಕೊಡೋ ಮುಂಚೇನೇ ಹಿಡಿಯೋ ತೆರಿಗೆ) ಅಂತ ನಿಮ್ಮ ಪ್ಯಾನ್ ಹೆಸರಿಗೆ ಸರ್ಕಾರಕ್ಕ ಜಮಾ ಆಗ್ಯದ. ಪ್ಯಾನ್ ಕೊಡದಿದ್ರ 20 ಪರ್ಸೆಂಟ್ ಹಿಡೀತಾರ.

2025-26ರ ಹೊಸ ತೆರಿಗೆ ಪದ್ಧತಿಯೊಳಗ ವರ್ಷದ ಇಂಥ ಆದಾಯ 12 ಲಕ್ಷದ ಒಳಗಿದ್ರ ತೆರಿಗೆನೇ ಇಲ್ಲ. ಅಂದ್ರ ಆ 6,000 ನಿಮ್ದೇ. ಆದ್ರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದ್ರ ಮಾತ್ರ ವಾಪಸ್. ದಯವಿಟ್ಟು ಬಿಡಬ್ಯಾಡ್ರಿ, ಅಷ್ಟರಾಗ ಒಂದು ಜೋಡಿ ಒಳ್ಳೆ ಸ್ಪೈಕ್ಸ್ ಬರ್ತಾವ.

ದುಡ್ಡಿನ ಬದಲು ಬೈಕ್ ಕೊಟ್ರ? ಅದೂ ಆದಾಯನೇ. ಒಬ್ಬರೇ ವರ್ಷಕ್ಕ 20,000 ದಾಟಿ ವಸ್ತು ಕೊಟ್ರ, 2022ರ ಜುಲೈಯಿಂದ ಅದಕ್ಕೂ 10 ಪರ್ಸೆಂಟ್ ಟಿಡಿಎಸ್ ಅದ. ಶೂಟಿಂಗ್ ಮುಗಿಸಿ ಬೈಕ್ ತಿರುಗಿ ಕೊಟ್ರ ಈ ಟಿಡಿಎಸ್ ಬರಲ್ಲ. ತಿರುಗಿ ಕೊಟ್ಟಿದ್ದಕ್ಕ ಚೀಟಿ ಬರೆಸ್ಕೊಳ್ರಿ.

ಪಿಯುಸಿ ಮಕ್ಕಳ ಅಪ್ಪ-ಅವ್ವ, ನೀವೂ ಕೇಳ್ರಿ. 18 ತುಂಬದ ಮಕ್ಕಳ ಆದಾಯ ಸಾಮಾನ್ಯವಾಗಿ ಪಾಲಕರ ಲೆಕ್ಕಕ್ಕ ಸೇರ್ತದ. ಸ್ವಂತ ಪ್ರತಿಭೆಯಿಂದ ಗಳಿಸಿದ್ದು ಸೇರಲ್ಲ, ಅದು ಮಗುವಿನ ಹೆಸರಿಗೇ. ಆದ್ರ ಅದೇ ದುಡ್ಡು ಎಫ್‌ಡಿ ಇಟ್ರ, ಬಡ್ಡಿ ಮತ್ತ ಪಾಲಕರ ಲೆಕ್ಕಕ್ಕ!

ಇವತ್ತೇ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಾಗ 26ಎಎಸ್ ಅನ್ನೋ ತೆರಿಗೆ ಪಟ್ಟಿ ತೆಗೀರಿ. ಯಾರು, ಎಷ್ಟು ಹಿಡಿದಾರ, ಎಲ್ಲಾ ಅಲ್ಲೇ ಕಾಣ್ತದ.