ಭಾರದ ಮೋಹ

ಕೆಟಲ್‌ಬೆಲ್ ಎಂಬ ಹಿಡಿಯುಳ್ಳ ಕಬ್ಬಿಣದ ಗುಂಡು ಮೊದಲು ರಷ್ಯದ ಸಂತೆಗಳಲ್ಲಿ ಧಾನ್ಯ ತೂಗುವ ಬಟ್ಟಾಗಿತ್ತು. ಅದನ್ನು ಎತ್ತಿ ಬಲವನ್ನು ಪರೀಕ್ಷಿಸಿಕೊಂಡವರಿಂದ ಅದು ವ್ಯಾಯಾಮದ ಸಾಧನವಾಯಿತು. ಅದರ ಅಳತೆಯಲ್ಲಿ ಹಳೆಯ ‘ಪೂಡ್’ ಇಂದಿಗೂ ಉಳಿದಿದೆ: ಒಂದು ಪೂಡಿಗೆ ಸುಮಾರು 16 ಕಿಲೋ, ಎರಡಕ್ಕೆ 32, ಮೂರಕ್ಕೆ 48.

ಈ 48 ಕಿಲೋದ ಗುಂಡನ್ನು ಕೊಳ್ಳಬೇಕೆ? ಬಲವನ್ನು ಬಯಸುವ ತರುಣನಿಗೆ ಈ ಪ್ರಶ್ನೆ ಸಹಜವಾದುದು. ಹಣವೂ ಅಲ್ಪವಲ್ಲ. ಬಾರ್‌ಬೆಲ್ಲಿನ ಸರಳಿಗೆ ಬಿಲ್ಲೆಗಳನ್ನು ಒಂದೊಂದಾಗಿ ಸೇರಿಸಿ ಭಾರವನ್ನು ಮೆಲ್ಲಮೆಲ್ಲನೆ ಏರಿಸಬಹುದು. ಎರಕದ ಗುಂಡಿನಲ್ಲಿ ಆ ಅನುಕೂಲವಿಲ್ಲ. 32ರಿಂದ 48ಕ್ಕೆ ಹೋದರೆ ಭಾರ ಒಮ್ಮೆಗೇ ಅರ್ಧದಷ್ಟು ಹೆಚ್ಚುತ್ತದೆ. ಸೊಂಟದ ಬಲದಿಂದ, ಎರಡೂ ಕೈಗಳಲ್ಲಿ ಹಿಡಿದು ಬೀಸುವುದಕ್ಕೆ ಅದು ಒದಗೀತು. ಒಂಟಿ ಕೈಯಲ್ಲಿ ತಲೆಯ ಮೇಲೆತ್ತಹೊರಟರೆ ಭುಜಕ್ಕೆ ಅಪಾಯ ತಪ್ಪದು.

ಆದುದರಿಂದ 24ನ್ನೂ 32ನ್ನೂ ಚೆನ್ನಾಗಿ ಪಳಗಿಸಿಕೊಂಡವನು ಧಾರಾಳವಾಗಿ ಕೊಳ್ಳಲಿ. ಉಳಿದವರ ಮನೆಯಲ್ಲಿ ಅದು ಬಾಗಿಲಿಗೆ ಒತ್ತಾಗಿ ಕುಳಿತೀತು, ಅಷ್ಟೆ. ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೆತ್ತುವ ಜಟ್ಟಿಯ ಸುತ್ತ ಜನ ನೆರೆಯುವುದುಂಟು. ಆ ಕಲ್ಲಿಗೆ ಕೈಹಾಕುವ ಮುನ್ನ ಆತ ಎಷ್ಟು ಸಣ್ಣ ಕಲ್ಲುಗಳನ್ನು ಎಷ್ಟು ಕಾಲ ಎತ್ತಿದ್ದನೆಂಬುದನ್ನು ಕೇಳುವವರು ವಿರಳ.