ನೀರಿನ ದಡಕ್ಕೆ ಹೊರಡುವ ಮುನ್ನ

ಪರೀಕ್ಷೆಗಳು ಮುಗಿದವು. ಈ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಚರ್ಚೆ ನಿಮ್ಮ ಮನೆಯಲ್ಲೂ ನಡೆದಿರಬೇಕು. ಮಲ್ಪೆ, ಮುರುಡೇಶ್ವರದ ಕಡಲತೀರ, ಹಂಪಿಯ ಹರಿಗೋಲು, ರಂಗನತಿಟ್ಟಿನ ದೋಣಿ ವಿಹಾರ – ಬಿಸಿಲ ಬೇಗೆಯಲ್ಲಿ ಮನಸ್ಸು ನೀರಿನತ್ತ ಓಡುವುದು ಸಹಜ. ಖಂಡಿತ ಹೋಗಿ ಬನ್ನಿ. ಆದರೆ ಬಟ್ಟೆಬರೆ, ಬುತ್ತಿಯ ಜೊತೆಗೆ ಒಂದು ತಿಳಿವಳಿಕೆಯನ್ನೂ ಕಟ್ಟಿಕೊಂಡು ಹೋಗಿ: ನೀರಿನಲ್ಲಿ ಮುಳುಗುತ್ತಿರುವವರು ಸಾಮಾನ್ಯವಾಗಿ ಕೂಗುವುದಿಲ್ಲ.

ಸದ್ದಿಲ್ಲದ ಅಪಾಯ

ಸಿನಿಮಾದಲ್ಲಿ ನೀರಿಗೆ ಬಿದ್ದವರು ಕೈ ಬೀಸಿ ‘ಕಾಪಾಡಿ’ ಎಂದು ಅರಚುತ್ತಾರೆ. ನಿಜ ಜೀವನದಲ್ಲಿ ಇದು ಅಪರೂಪ. ಬಾಯಿ ನೀರಿನ ಮೇಲೆ ಬರುವ ಒಂದೆರಡು ಕ್ಷಣ ಉಸಿರೆಳೆದುಕೊಳ್ಳುವುದಕ್ಕೇ ಸಾಲದು, ಇನ್ನು ಕೂಗುವುದೆಲ್ಲಿ? ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದಡದಲ್ಲಿ ಕುಳಿತವರಿಗೆ ಮಗು ಆಡುತ್ತಿರುವಂತೆಯೇ ಕಾಣುತ್ತದೆ. ಗಲಾಟೆ ಮಾಡುತ್ತಿದ್ದ ಮಗು ಥಟ್ಟನೆ ಸುಮ್ಮನಾದರೆ ಆ ಕ್ಷಣವೇ ಎದ್ದು ನೋಡಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು.

ಹತ್ತಾರು ಮಂದಿ ಒಟ್ಟಿಗೆ ಹೋದಾಗ ‘ಯಾರಾದರೂ ನೋಡಿಕೊಳ್ಳುತ್ತಾರೆ’ ಎಂದು ಎಲ್ಲರೂ ಮಾತಿಗಿಳಿಯುತ್ತಾರೆ. ಕೊನೆಗೆ ಯಾರೂ ನೋಡುತ್ತಿರುವುದಿಲ್ಲ. ಆದ್ದರಿಂದ ದೊಡ್ಡವರು ಅರ್ಧ ಗಂಟೆಗೊಬ್ಬರಂತೆ ಸರದಿ ಹಾಕಿಕೊಳ್ಳಿ. ಸರದಿಯಲ್ಲಿರುವವರಿಗೆ ಹರಟೆಯಿಲ್ಲ, ಫೋನಿಲ್ಲ, ಮದ್ಯವಂತೂ ಕೂಡದು. ಪುಟ್ಟ ಮಕ್ಕಳು ಕೈಗೆಟುಕುವಷ್ಟು ಹತ್ತಿರವೇ ಇರಲಿ.

ದೋಣಿ ಹತ್ತುವಾಗ

2019ರ ಜನವರಿಯಲ್ಲಿ ಕಾರವಾರದ ಬಳಿಯ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಮಕ್ಕಳೊಡನೆ ಹೊರಟಿದ್ದ ಕುಟುಂಬಗಳೂ ಅದರಲ್ಲಿದ್ದವು. ದೋಣಿಯಲ್ಲಿ ಜನ ಕಿಕ್ಕಿರಿದಿದ್ದರೆ ಹತ್ತಬೇಡಿ, ಮುಂದಿನದಕ್ಕೆ ಕಾಯಿರಿ. ಈಜು ಬಲ್ಲವರೂ ಲೈಫ್ ಜಾಕೆಟ್ ತೊಡಬೇಕು. ಮಗುವಿಗೆ ಅದರ ತೂಕಕ್ಕೆ ಒಪ್ಪುವ ಅಳತೆಯದನ್ನೇ ಕೇಳಿ ಪಡೆಯಿರಿ. ಪಟ್ಟಿಗಳನ್ನೆಲ್ಲ ಬಿಗಿದು, ಜಾಕೆಟ್ಟಿನ ಭುಜದ ಭಾಗ ಹಿಡಿದು ಮೇಲಕ್ಕೆತ್ತಿ. ಅದು ಗಲ್ಲ ದಾಟಿ ಜಾರಿದರೆ ಅಳತೆ ದೊಡ್ಡದಾಯಿತೆಂದೇ ಅರ್ಥ. ಗಾಳಿ ತುಂಬಿದ ಟ್ಯೂಬು ಆಟಿಕೆಯೇ ಹೊರತು ರಕ್ಷಣೆಯಲ್ಲ.

ಹೊಟ್ಟೆ ಒತ್ತಬೇಡಿ

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ನೀರಿಗೆ ಹಾರಬಾರದು. ಹಗ್ಗ, ಸೀರೆ, ಪಂಚೆ, ಉದ್ದನೆಯ ಕೋಲು ನೀಡಿ; ಮುಚ್ಚಳ ಬಿಗಿದ ಖಾಲಿ ಕ್ಯಾನಾದರೂ ಎಸೆಯಿರಿ.

ದಡಕ್ಕೆ ತಂದೊಡನೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮಲ್ಲಿ ರೂಢಿ. ಇದು ತಪ್ಪು. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶ ಸೇರಬಹುದು, ಅಮೂಲ್ಯ ಸಮಯವೂ ಹಾಳು. ಆಮ್ಲಜನಕವಿಲ್ಲದೆ ನಾಲ್ಕಾರು ನಿಮಿಷಗಳಲ್ಲೇ ಮಿದುಳಿಗೆ ಧಕ್ಕೆಯಾಗತೊಡಗುತ್ತದೆ.

ಪ್ರಜ್ಞೆಯಿಲ್ಲದೆ, ಉಸಿರೂ ಇಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಎರಡು ಬಾರಿ ಉಸಿರು ಕೊಡಿ. ಅನಂತರ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಮತ್ತೆ ಎರಡು ಉಸಿರು. ನೆರವು ಬರುವ ತನಕ ನಿಲ್ಲಿಸಬೇಡಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಈ ಕ್ರಮವನ್ನು ಓದಿದರೆ ಸಾಲದು. ಬಲ್ಲವರಿಂದ ಒಮ್ಮೆ ಕೈಯಾರೆ ಕಲಿಯಿರಿ.

ಬದುಕಿಕೊಂಡ ಮಗು ಎದ್ದು ಕುಳಿತು ನಕ್ಕರೂ ಆಸ್ಪತ್ರೆಗೆ ತೋರಿಸಿ. ಕೆಮ್ಮು, ಏದುಸಿರು, ಮಂಪರು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ನೀರಿಗೆ ಹೆದರಬೇಕಾಗಿಲ್ಲ, ನೀರಿನ ಬಳಿ ಮೈಮರೆಯಬಾರದು ಅಷ್ಟೆ. ಮಕ್ಕಳಿಗೆ ಈಜು ಕಲಿಸಲು ಈ ರಜೆಗಿಂತ ಒಳ್ಳೆಯ ಕಾಲ ಮತ್ತಾವುದಿದೆ?